ನೂರು ಚೀಲ ಹೇರ್ರಿ ಅಂದವರು ಎಲ್ಲಿ ಹೋದರು?

(ಗೊರೇಬಾಳದಲ್ಲಿ ಸೇರಿದ ರೈತರ ಸಭೆಯಲ್ಲಿ ಆಡಿದ ಮಾತು. ಆಡಿದಂತೆಯೇ ಬರೆದು ಕೊಟ್ಟಿದ್ದೇನೆ. ಕಾಯ್ದೆಯ ಕಲಮು, ತಾರೀಖುಗಳನ್ನು ಮಾತ್ರ ಆಮೇಲೆ ನೋಡಿ ಸೇರಿಸಿದ್ದೇನೆ.)



ಇವತ್ತು ನಾನು ಭತ್ತದ ಬೆಲೆಯ ಬಗ್ಗೆ ಮಾತಾಡಲು ಎದ್ದವನಲ್ಲ. ಕಾಲುವೆಯ ಕೊನೆಭಾಗಕ್ಕೆ ನೀರು ಬಾರದ ಬಗ್ಗೆಯೂ ಅಲ್ಲ. ಆ ಮಾತನ್ನು ನಾವು ದಿನಾ ಆಡುತ್ತೇವೆ, ನಾಳೆಯೂ ಆಡುತ್ತೇವೆ. ಇವತ್ತಿನ ಮಾತು ನನ್ನ ಮನೆಯ ಮುಂದೆ ನಿಂತಿರುವ ನಾಲ್ಕು ಗಾಲಿಯ ಟ್ರಾಲಿಯದು. ನಿಮ್ಮಲ್ಲಿ ಸುಮಾರು ಮಂದಿ ಅದನ್ನು ನೋಡಿದ್ದೀರಿ. ಅದರ ಬಣ್ಣ ನೋಡಿ ‘ಚಲೋ ಐತಲ್ಲೋ’ ಅಂದವರೂ ಇದ್ದೀರಿ. ಬಣ್ಣ ಈಗಲೂ ಚಲೋನೇ ಐತಿ.

2022ರ ಅಕ್ಟೋಬರಿನಲ್ಲಿ, ದಸರೆಯ ಮುಂದೆ ಅದನ್ನು ಕೊಂಡೆ. ಬೆಲೆ 2,14,200 ರೂಪಾಯಿ. ರೂಪಾಯಿ ಲೆಕ್ಕ ನಮಗೆ ನಾಟುವುದಿಲ್ಲ, ಚೀಲದ ಲೆಕ್ಕ ಹೇಳುತ್ತೇನೆ. ಆ ವರ್ಷ ಸಾಮಾನ್ಯ ಭತ್ತಕ್ಕೆ ಸರಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 2,040 ರೂಪಾಯಿ. ನಮ್ಮ ಎಪ್ಪತ್ತೈದು ಕಿಲೋ ಚೀಲಕ್ಕೆ 1,530 ಬಿತ್ತು. ಅಂದರೆ ಟ್ರಾಲಿಯ ಬೆಲೆ 140 ಚೀಲ ಭತ್ತ. ಗೊಬ್ಬರ, ಎಣ್ಣೆ, ಆಳು, ಕಟಾವು ಮಷೀನಿನ ಬಾಡಿಗೆ ಕಳೆದು ಉಳಿಯುವ ಚೀಲದಲ್ಲಿ ಲೆಕ್ಕ ಹಾಕಿದರೆ ಎಷ್ಟು ವರ್ಷದ ಬೆವರು ಅಂತ ನೀವೇ ಎಣಿಸಿಕೊಳ್ಳಿ. 54,200 ಕೈಯಿಂದ ಕಟ್ಟಿದೆ. ಉಳಿದ 1,60,000 ಬ್ಯಾಂಕಿನ ಸಾಲ. ಐದು ವರ್ಷ, ಆರು ತಿಂಗಳಿಗೊಂದು ಕಂತು.

ಸಾಲದ ಹಣ ನನ್ನ ಕೈಗೆ ಬರಲಿಲ್ಲ ಅನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಯಾರ ಕೈಗೂ ಬರುವುದಿಲ್ಲ. ಅಂಗಡಿಯವನು ಕೊಟೇಶನ್ ಬರೆದು ಕೊಟ್ಟ, ಬ್ಯಾಂಕು ಅವನ ಖಾತೆಗೆ ನೇರ ಹಣ ಹಾಕಿತು. ಕೊಡುವವರು ಅವರು, ತೆಗೆದುಕೊಳ್ಳುವವರು ಅವರು, ತೀರಿಸುವವನು ಮಾತ್ರ ನಾನು. ಹೊಲದ ಪಹಣಿ ಅಡವಿಟ್ಟವನೂ ನಾನೇ.

ಅಂಗಡಿಯಲ್ಲಿ ನಡೆದ ಮಾತು ನನಗೆ ಇನ್ನೂ ಅಕ್ಷರಕ್ಕೆ ಅಕ್ಷರ ನೆನಪಿದೆ. ನಾನು ಕೇಳಿದೆ, ‘ತಮ್ಮಾ, ಇದು ಎಷ್ಟು ಭಾರ ತಡೀತದ?’ ಅವನು ಟ್ರಾಲಿಯ ಮೈಮೇಲೆ ಕೈಯಿಂದ ಎರಡು ಸಲ ಬಡಿದ. ‘ಯಜಮಾನ್ರ, ನೂರು ಚೀಲ ಹೇರ್ರಿ. ಏನಾದ್ರ ಆದ್ರ ನನ್ನ ಹೆಸರು ಕೇಳ್ರಿ. ಒಂದು ವರ್ಷ ಗ್ಯಾರಂಟಿ ಐತಿ.’ ಚಹಾ ಬಂತು. ನಾನು ಕುಡಿದೆ. ಆ ಚಹಾದ ಮೇಲೆ ಎಂಟು ಕಡೆ ಸಹಿ ಮಾಡಿದೆ.

ಗ್ಯಾರಂಟಿ ಎಂಬ ಶಬ್ದಕ್ಕೆ 2023ರ ಚುನಾವಣೆಯಿಂದ ಈಚೆಗೆ ನಮ್ಮ ರಾಜ್ಯದಲ್ಲಿ ಬೇರೆಯೇ ಅರ್ಥ ಬಂದಿದೆ, ಅದು ಬ್ಯಾರೆ ಮಾತು. ನನಗೆ ಕೊಟ್ಟ ನಾಲ್ಕು ಪುಟದ ಕಾಗದದಲ್ಲಿ ಗ್ಯಾರಂಟಿ ಎಂಬ ಶಬ್ದವೇ ಇರಲಿಲ್ಲ. ಇದ್ದದ್ದು ವಾರಂಟಿ. ಅದೂ ಪೂರಾ ಇಂಗ್ಲಿಷಿನಲ್ಲಿ. ಹೈಸ್ಕೂಲು ಓದಿದವನು ನಾನು, ಎ ಬಿ ಸಿ ಡಿ ಗೊತ್ತು, ಅರ್ಜಿ ಓದಬಲ್ಲೆ. ಆ ಕಾಗದ ಓದಲು ಆಗಲಿಲ್ಲ. ಆಮೇಲೆ ಅಣ್ಣನ ಮಗಳು ಕಾಲೇಜಿನಿಂದ ಬಂದಾಗ ಒಂದೊಂದೇ ಸಾಲು ಹೇಳಿಸಿಕೊಂಡೆ. ವಾರಂಟಿ ಆರು ತಿಂಗಳು, ವರ್ಷವಲ್ಲ. ಟೈರಿಗೆ ಇಲ್ಲ, ಅದು ಟೈರಿನ ಕಂಪನಿಯನ್ನು ಕೇಳಬೇಕು. ಬೇರಿಂಗಿಗೆ ಇಲ್ಲ. ರಬ್ಬರಿನ ಯಾವುದಕ್ಕೂ ಇಲ್ಲ. ಮಿತಿ ಮೀರಿ ಭಾರ ಹೇರಿದರೆ ಯಾವುದಕ್ಕೂ ಇಲ್ಲ. ಕಂಪನಿಯ ಒಪ್ಪಿಗೆ ಇಲ್ಲದೆ ಬೇರೆ ಕಡೆ ರಿಪೇರಿ ಮಾಡಿಸಿದರೆ ಯಾವುದಕ್ಕೂ ಇಲ್ಲ. ಕೆಟ್ಟರೆ ಸ್ವಂತ ಖರ್ಚಿನಲ್ಲಿ ಕಾರ್ಖಾನೆಗೆ ಮುಟ್ಟಿಸಬೇಕು. ಓದಿ ಮುಗಿಸಿ ಹುಡುಗಿ ಕೇಳಿದಳು, ‘ಕಾಕಾ, ಹಂಗಾದ್ರ ಯಾವುದಕ್ಕೈತಿ?’

ಈಗ ಮುರಿದ ಕತೆ.

ಡಿಸೆಂಬರಿನಲ್ಲಿ ಕಟಾವು. ಮೋಡ ಕಟ್ಟಿತ್ತು. ಕಟಾವು ಮಷೀನು ಗಂಟೆ ಲೆಕ್ಕದಲ್ಲಿ ಬರುತ್ತದೆ, ಹಸಿ ಹೊಲಕ್ಕೆ ಚೈನ್ ಮಷೀನು ಬೇಕು, ಅದರ ಬಾಡಿಗೆ ಹೆಚ್ಚು. ಒಬ್ಬನ ಹೊಲ ಮುಗಿಸಿದರೆ ಇನ್ನೊಬ್ಬ ಬದುವಿನ ಮೇಲೆ ನಿಂತಿರುತ್ತಾನೆ. ಆ ದಿನ ಸಂಜೆ ನನ್ನ ಟ್ರಾಲಿಯಲ್ಲಿ 62 ಚೀಲ ಇದ್ದವು. ಕಾಲುವೆ ದಂಡೆಯ ದಾರಿಯಲ್ಲಿ ಬರುವಾಗ ಹಿಂದಿನ ಬಲಗಡೆಯಿಂದ ಕಟಕಟ ಸಪ್ಪಳ ಬಂತು. ಇಳಿದು ನೋಡಿದರೆ ಹಿಂದಿನ ಆಕ್ಸಲ್ಲಿನ ಮೇಲೆ ಕಮಾನು ಪಟ್ಟಿ ಕೂರುವ ಜಾಗದಲ್ಲಿ ವೆಲ್ಡಿಂಗು ಬಿಟ್ಟಿತ್ತು. ಬೆರಳು ಹೋಗುವಷ್ಟು ಸೀಳು. ಆಕ್ಸಲ್ಲು ಒಂದು ಕಡೆ ವಾಲಿತ್ತು. ಕೊಂಡು ಎರಡೂವರೆ ತಿಂಗಳೂ ಆಗಿರಲಿಲ್ಲ.

ಮೈ ಜುಮ್ಮೆಂದದ್ದು ಹಣ ನೆನೆಸಿ ಅಲ್ಲ. ಅದಕ್ಕೆ ಮೂರು ದಿನ ಹಿಂದೆ ಅದೇ ಟ್ರಾಲಿಯಲ್ಲಿ ಹತ್ತಿ ಬಿಡಿಸಲು ಹೋದ ಹದಿನಾಲ್ಕು ಹೆಣ್ಣಾಳುಗಳನ್ನು ಕೂಡಿಸಿಕೊಂಡು ಅದೇ ದಂಡೆಯ ಮೇಲೆ ಬಂದಿದ್ದೆ. ಒಂದು ಕಡೆ ಕಾಲುವೆ, ಒಂದು ಕಡೆ ಆಳುದ್ದ ತಗ್ಗು. ಸುದ್ದಿ ತಿಳಿದ ಮೇಲೆ ಆ ಗುಂಪಿನ ಒಬ್ಬ ತಾಯಿ ನಮ್ಮ ಮನೆಯ ಮುಂದೆ ನಿಂತು, ‘ಯಪ್ಪಾ, ಅವತ್ತೇ ಮುರಿದಿದ್ರ ನಮ್ಮ ಕೂಸುಗಳಿಗೆ ಯಾವ ಕಂಪನಿ ಗ್ಯಾರಂಟಿ ಕೊಡ್ತಿತ್ತು?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಟ್ರಾಲಿಯಲ್ಲಿ ಜನ ಕೂಡಿಸುವುದು ಕಾನೂನಿಗೆ ವಿರುದ್ಧ. ಸರಕು ಸಾಗಿಸುವ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಜನಕ್ಕೆ ವಿಮೆ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟು ಆಶಾ ರಾಣಿ ಪ್ರಕರಣದಲ್ಲಿ 2002ರಲ್ಲೇ ಹೇಳಿಬಿಟ್ಟಿದೆ. ಅಂದರೆ ಅವತ್ತು ಏನಾದರೂ ಆಗಿದ್ದರೆ ಹದಿನಾಲ್ಕು ಮನೆಯ ಹೊರೆ ನನ್ನ ತಲೆ ಮೇಲೆ, ನನ್ನ ಐದೆಕರೆ ಮೇಲೆ. ಇಲ್ಲಿ ಕೂತಿರುವವರಲ್ಲಿ ಟ್ರಾಲಿಯಲ್ಲಿ ಆಳು ತಾರದವರು ಯಾರಾದರೂ ಇದ್ದರೆ ಕೈ ಎತ್ತಿರಿ. ನೋಡಿದಿರಲ್ಲ. ಒಂದು ಕೈಯೂ ಏಳಲಿಲ್ಲ. ನಾನೂ ಎತ್ತಲಿಲ್ಲ.

ಆ ರಾತ್ರಿ ನಾನು ಮಾಡಿದ ತಪ್ಪು ಕೇಳಿ. ಭತ್ತ ದಂಡೆ ಮೇಲೆ ನಿಂತಿದೆ, ಮೋಡ ತಲೆ ಮೇಲಿದೆ. ಅಂಗಡಿಗೆ ಫೋನು ಮಾಡಿದರೆ ‘ನಾಳೆ ನೋಡೋಣ್ರಿ’ ಅಂದರು. ನಾನು ಊರ ವೆಲ್ಡರನ್ನು ಕರೆದು ಪಟ್ಟಿ ಕೂಡಿಸಿ ಬೆಸುಗೆ ಹಾಕಿಸಿದೆ. 3,800 ರೂಪಾಯಿ. ಭತ್ತ ಉಳಿಯಿತು, ವಾರಂಟಿ ಹೋಯಿತು. ಮೂರು ದಿನ ಬಿಟ್ಟು ಅಂಗಡಿಯವನು ಬಂದು ಬಗ್ಗಿ ನೋಡಿ, ‘ಬ್ಯಾರೆ ಕಡೆ ವೆಲ್ಡಿಂಗ್ ಮಾಡ್ಸೀರಿ, ಇನ್ನ ನಾವು ಏನೂ ಮಾಡಾಕ ಬರಂಗಿಲ್ಲ’ ಅಂತ ಮೋಟಾರ್‌ಸೈಕಲ್ ಹತ್ತಿದ. ಆಮೇಲೆ ಎರಡನೇ ಮಾತು ತೆಗೆದ: ಓವರ್‌ಲೋಡು.

ಉಳಿಸಿದ್ದು ಅಣ್ಣನ ಮಗಳು. ವೆಲ್ಡರ್ ಬರುವ ಮುಂದೆ ಅವಳು ತನ್ನ ಮೊಬೈಲಿನಲ್ಲಿ ಸೀಳಿನ ಫೋಟೋ ಹಿಡಿದಿದ್ದಳು. ಹತ್ತಿರದಿಂದ, ದೂರದಿಂದ, ಚೀಲ ಇರುವಾಗ, ಚೀಲ ಇಳಿಸಿದ ಮೇಲೆ. ತಾರೀಖು, ಹೊತ್ತು ಎಲ್ಲ ಅದರಲ್ಲೇ ಇತ್ತು. ನಾನು ‘ಈ ಹೊತ್ತಿನಾಗ ಫೋಟೋ ಯಾಕವ್ವ’ ಅಂತ ಬೈದಿದ್ದೆ.

ಓವರ್‌ಲೋಡಿನ ಮಾತಿಗೆ ಬರೋಣ. ಇಲ್ಲಿ ಸುಳ್ಳು ಹೇಳಿದರೆ ನನ್ನ ಮಾತು ಪೂರಾ ಸುಳ್ಳಾಗುತ್ತದೆ. ಮುರಿದ ದಿನ 62 ಚೀಲ ಇದ್ದದ್ದು ಖರೆ, ಅಂದರೆ 4,650 ಕಿಲೋ. ಅದಕ್ಕೆ ಮುಂದೆ ಎರಡು ಸಲ ನಾನು 84 ಚೀಲ ಹೇರಿದ್ದೂ ಖರೆ, ಅಂದರೆ 6,300 ಕಿಲೋ. ನನ್ನ ಆರ್.ಸಿ.ಯಲ್ಲಿ ಖಾಲಿ ತೂಕ 1,650, ಭಾರ ಸಮೇತ ತೂಕ 6,650 ಅಂತ ಬರೆದಿದೆ. ಒಂದರೊಳಗೆ ಒಂದು ಕಳೆದರೆ ಐದು ಟನ್ನು. ಐದು ಟನ್ನಿಗೆ ಚೀಲ 66 ಮಾತ್ರ. ಈ ಕಳೆಯುವ ಲೆಕ್ಕ ನಾಲ್ಕನೇ ಇಯತ್ತೆಯದು. ಆದರೆ ಆರ್.ಸಿ. ಬಂದ ದಿನ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿ ಇಟ್ಟೆ, ಓದಲಿಲ್ಲ. ಟ್ರಾಲಿಯ ಮುಂಭಾಗದಲ್ಲಿ ರಿವಿಟು ಹೊಡೆದ ತಗಡಿನ ಫಲಕ ಇರುತ್ತದೆ, ಅದರಲ್ಲೂ ಭಾರ ಬರೆದಿರುತ್ತಾರೆ. ನನ್ನ ಟ್ರಾಲಿಯ ಫಲಕದ ಮೇಲೆ ಬಣ್ಣ ಬಳಿದಿದ್ದರು. ಕೆರೆದು ನೋಡಿದ ಮೇಲೆ ಅಂಕಿ ಕಂಡಿತು. ಮಾರುವಾಗ ಬಾಯಿಂದ ನೂರು ಚೀಲ, ಮುರಿದಾಗ ಕಾಗದದಿಂದ ಅರವತ್ತಾರು ಚೀಲ. ಬಾಯಿಮಾತಿಗೆ ರಸೀದಿ ಇರುವುದಿಲ್ಲ, ಅದು ಅವನಿಗೆ ಗೊತ್ತು.

ಆದರೂ ಅವನ ವಾದ ಒಪ್ಪಲು ನನಗೆ ಮನಸ್ಸು ಬರಲಿಲ್ಲ. ಹತ್ತು ವರ್ಷ ಓಡಿದ ಟ್ರಾಲಿಗಳು ಊರಲ್ಲಿ ಎಂಬತ್ತು ಚೀಲ ಹೊತ್ತು ತಿರುಗುತ್ತಿವೆ. ಇದು ಎರಡು ಸಲಕ್ಕೆ ಯಾಕೆ ಬಿಟ್ಟಿತು? ಜನವರಿಯಲ್ಲಿ ಒಂದು ದಿನ ರೈಸ್ ಮಿಲ್ಲಿನ ವೇಬ್ರಿಜ್ಜಿಗೆ ಖಾಲಿ ಟ್ರಾಲಿ ಒಯ್ದೆ. ಟ್ರಾಲಿ ಕಾಟಾದ ಮೇಲೆ ನಿಲ್ಲಿಸಿ ಟ್ರ್ಯಾಕ್ಟರ್ ಬಿಚ್ಚಿ ಹೊರಗೆ ತಂದೆವು. ಚೀಟಿಯಲ್ಲಿ ಬಂದ ತೂಕ 1,390 ಕಿಲೋ. ಬಿಲ್ಲಿನಲ್ಲಿ 1,650, ಆರ್.ಸಿ.ಯಲ್ಲಿ 1,650, ಕಾಟಾದ ಮೇಲೆ 1,390. ಮೂರು ಸಲ ತೂಗಿಸಿದೆ. 260 ಕಿಲೋ ಕಬ್ಬಿಣ ಎಲ್ಲಿ ಹೋಯಿತು? 2,14,200ನ್ನು 1,650ರಿಂದ ಭಾಗಿಸಿದರೆ ಕಿಲೋಗೆ ಹತ್ತಿರ ಹತ್ತಿರ ನೂರಾ ಮೂವತ್ತು ರೂಪಾಯಿ. 260 ಕಿಲೋಗೆ 33,800. ಇಪ್ಪತ್ತೆರಡು ಚೀಲ ಭತ್ತ ನಾನು ಇಲ್ಲದ ಕಬ್ಬಿಣಕ್ಕೆ ಕೊಟ್ಟಿದ್ದೆ, ಅದಕ್ಕೆ ಬಡ್ಡಿಯನ್ನೂ ಕಟ್ಟುತ್ತಿದ್ದೆ.

ಇದು ಹ್ಯಾಂಗ ಆಗುತ್ತದೆ ಅಂತ ಒಬ್ಬ ಹಳೆಯ ಫಿಟ್ಟರ್ ನನಗೆ ಹೇಳಿಕೊಟ್ಟ. ನೀವೂ ತಿಳಿದುಕೊಳ್ಳಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು 7.85 ಕಿಲೋ ತೂಗುತ್ತದೆ. ಎಲ್ಲಿ ತೂಗಿದರೂ ಅಷ್ಟೇ. ಹತ್ತು ಅಡಿ ಉದ್ದ, ಆರು ಅಡಿ ಅಗಲದ ತಳ ಅಂದರೆ ಐದೂವರೆ ಚದರ ಮೀಟರಿಗೆ ಸ್ವಲ್ಪ ಮೇಲೆ. ಮೂರು ಮಿಲಿಮೀಟರ್ ತಗಡು ಹಾಕಿದರೆ 131 ಕಿಲೋ, ಎರಡು ಮಿಲಿಮೀಟರ್ ಹಾಕಿದರೆ 87 ಕಿಲೋ. ತಳ ಒಂದರಲ್ಲೇ 44 ಕಿಲೋ ಉಳಿತಾಯ. ಎರಡಡಿ ಎತ್ತರದ ನಾಲ್ಕೂ ಗೋಡೆಯಲ್ಲಿ ಹಂಗೇ ಮಾಡಿದರೆ ಇನ್ನೊಂದು 47 ಕಿಲೋ. ಚಾಸಿಯ ಚಾನೆಲ್ಲು ಒಂದು ಅಳತೆ ಸಣ್ಣದು ಹಾಕಿದರೆ ಬೇಕಾದಷ್ಟು. ಬಣ್ಣ ಹೊಡೆದ ಮೇಲೆ ಕಣ್ಣಿಗೆ ಒಂದೇ. ತಗಡಿನ ಅಂಚು ಕಾಣುವುದು ಹಿಂದಿನ ಬಾಗಿಲು ಬಿಚ್ಚಿದಾಗ ಮಾತ್ರ, ಅಲ್ಲಿಗೆ ಪಟ್ಟಿ ಬಡಿದು ಮುಚ್ಚಿರುತ್ತಾರೆ. ಎತ್ತು ಕೊಳ್ಳುವಾಗ ನಾವು ಬಾಯಿ ಬಿಡಿಸಿ ಹಲ್ಲು ಎಣಿಸುತ್ತೇವೆ, ಬಾಲ ಎತ್ತಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಎತ್ತಿಗಿಂತ ಹೆಚ್ಚು ಹಣ ಕೊಟ್ಟು ತರುವ ಟ್ರಾಲಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತೇವೆ.

ನಮ್ಮ ಅಪ್ಪನ ಕಾಲದಲ್ಲಿ ಬಂಡಿ ಮಾಡಿದ ಬಡಿಗೇರ ಊರಲ್ಲೇ ಇದ್ದ. ಅಚ್ಚು ಮುರಿದರೆ, ಗಾಲಿಯ ಹಳಿ ಸಡಲಿದರೆ, ಅವನ ಮನೆ ಮುಂದೆ ಬಂಡಿ ನಿಲ್ಲಿಸುವುದು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದ. ಬಂಡಿ ಸರಿ ಮಾಡದಿದ್ದರೆ ಮುಂದಿನ ಸುಗ್ಗಿಗೆ ಯಾವ ಮುಖ ಹೊತ್ತು ಕಣಕ್ಕೆ ಬರಬೇಕು? ಅದು ಬಂಗಾರದ ಕಾಲ ಅಂತ ನಾನು ಹೇಳುವುದಿಲ್ಲ. ಆಯಗಾರರನ್ನು ನಮ್ಮ ಹಿರಿಯರು ಕಣದ ಅಂಚಿನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಿದ್ದರು, ಎಷ್ಟು ಅಳೆದು ಹಾಕುತ್ತಿದ್ದರು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಮಾಡಿದವನ ಮುಖ ಗೊತ್ತಿತ್ತು. ಈಗ ನನ್ನ ಟ್ರಾಲಿ ಮಾಡಿದವನು ಯಾರು? ಅಂಗಡಿಯವನು ಕಾರ್ಖಾನೆ ಅನ್ನುತ್ತಾನೆ, ಕಾರ್ಖಾನೆಯವರು ಅಂಗಡಿ ಅನ್ನುತ್ತಾರೆ, ಬ್ಯಾಂಕಿನವರು ನಮಗೆ ಸಂಬಂಧವಿಲ್ಲ ಅನ್ನುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿ ಹೋದಾಗ ಮಂತ್ರಿಗಳು, ಇಂಜಿನಿಯರರು ಎಲ್ಲ ಓಡಿ ಬಂದರು, ವಾರದಲ್ಲಿ ಹಲಗೆ ಇಳಿಸಿ ನೀರು ನಿಲ್ಲಿಸಿದರು. ಬರಲೇಬೇಕಿತ್ತು, ನಮ್ಮೆಲ್ಲರ ಅನ್ನ ಅದು. ಒಬ್ಬ ರೈತನ ಆಕ್ಸಲ್ಲು ಹೋದರೆ ಬಂದವನು ವೆಲ್ಡರ್ ಒಬ್ಬನೇ, ಅವನೂ ಮುಂಗಡ ಕೇಳಿದ.

ಇನ್ನು ಕಾಯ್ದೆ ಏನು ಹೇಳುತ್ತದೆ. ನಾನು ವಕೀಲನಲ್ಲ. ಎರಡು ವರ್ಷ ಅಲೆದು ಕಲಿತದ್ದನ್ನು ಹೇಳುತ್ತೇನೆ.

ವಾರಂಟಿ ಕಾಗದ ಕೊಡಲಿ ಬಿಡಲಿ, 1930ರ ಸರಕು ಮಾರಾಟ ಕಾಯ್ದೆ ಎಂಬುದೊಂದು ಇದೆ. ಅದರ 16ನೇ ಕಲಮಿನ ಪ್ರಕಾರ, ನೀವು ಯಾವ ಕೆಲಸಕ್ಕೆ ಕೊಳ್ಳುತ್ತೀರಿ ಅಂತ ಮಾರುವವನಿಗೆ ತಿಳಿಸಿ, ಅವನ ತಿಳಿವಳಿಕೆ ನಂಬಿ ಕೊಂಡಿದ್ದರೆ, ಸರಕು ಆ ಕೆಲಸಕ್ಕೆ ತಕ್ಕುದಾಗಿರಬೇಕು. ಅದಕ್ಕೇ ಕೊಳ್ಳುವಾಗ ಕೊಟೇಶನ್ನಿನ ಮೇಲೆ ‘ಭತ್ತದ ಚೀಲ ಸಾಗಿಸಲು, ಇಷ್ಟು ಟನ್ನು’ ಅಂತ ಅವನ ಕೈಯಿಂದಲೇ ಬರೆಸಿರಿ. ತಗಡಿನ ದಪ್ಪ, ಚಾನೆಲ್ಲಿನ ಅಳತೆ, ಖಾಲಿ ತೂಕವನ್ನೂ ಬರೆಸಿರಿ. ಬರೆಯಲು ಕೈ ಹಿಂದೆಗೆದರೆ ನೀವೂ ಚಹಾ ಕುಡಿಯದೆ ಎದ್ದು ಬನ್ನಿ.

ಎರಡನೆಯದು ಗ್ರಾಹಕ ಕಾಯ್ದೆ. ಮೊದಲು 1986ರದು ಇತ್ತು, ಈಗ ಇರುವುದು 2019ರದು, 2020ರ ಜುಲೈ 20ರಿಂದ ಜಾರಿಗೆ ಬಂದದ್ದು. ನನಗೆ ಅಂಗಡಿಯವನು ಮೊದಲು ಹೇಳಿದ್ದು, ‘ನೀವು ಬಾಡಿಗಿಗೂ ಹೊಡಿತೀರಿ, ವ್ಯಾಪಾರಕ್ಕ ತಗೊಂಡದ್ದು, ಗ್ರಾಹಕ ಕೋರ್ಟಿನ್ಯಾಗ ನಿಲ್ಲಂಗಿಲ್ಲ.’ ನಾನು ಹೆದರಿದೆ. ಅದು ಪೂರಾ ಖರೆ ಅಲ್ಲ. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆ ಮಾಡಲು ಕೊಂಡದ್ದು ವ್ಯಾಪಾರವಲ್ಲ ಅಂತ ಕಾಯ್ದೆಯಲ್ಲೇ ವಿವರಣೆ ಇದೆ. 1995ರಲ್ಲಿ ಲಕ್ಷ್ಮೀ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಆಟೋ ಕೊಂಡು ತಾನೇ ಓಡಿಸುವವನು, ಲಾರಿ ಕೊಂಡು ತಾನೇ ಬಾಡಿಗೆ ಹೊಡೆಯುವವನು ಗ್ರಾಹಕನೇ, ಜೊತೆಗೆ ಒಬ್ಬಿಬ್ಬರ ಸಹಾಯ ತೆಗೆದುಕೊಂಡರೂ ಗ್ರಾಹಕನೇ. ಹತ್ತು ಟ್ರಾಲಿ ಇಟ್ಟು ಆಳು ಹಚ್ಚಿ ಬಾಡಿಗೆ ನಡೆಸುವ ಸಾಹುಕಾರನ ಮಾತು ಬೇರೆ.

‘ಪರೀಕ್ಷೆ ಮಾಡಿಸಿ ದೋಷ ತೋರಿಸ್ರಿ’ ಅನ್ನುವುದು ಇನ್ನೊಂದು ಹೆದರಿಕೆ. ಬೀಜದ ವಿಷಯದಲ್ಲಿ ಈ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರದ ರೈತರ ಪ್ರಕರಣ, ತೀರ್ಪು 2012ರ ಜನವರಿಯದು. ಬಿತ್ತುವ ರೈತ ಪರೀಕ್ಷೆಗೆಂದು ಬೀಜ ತೆಗೆದಿಡಲಿ ಅಂತ ನಿರೀಕ್ಷಿಸಲಾಗದು ಅಂದಿತು ನ್ಯಾಯಾಲಯ. ಬೀಜ ಮಣ್ಣಿಗೆ ಹೋಗಿಬಿಡುತ್ತದೆ, ಕಬ್ಬಿಣ ಹೋಗುವುದಿಲ್ಲ, ಆದ್ದರಿಂದ ಯಂತ್ರದ ಪ್ರಕರಣದಲ್ಲಿ ಬಲ್ಲವರ ವರದಿ ಇದ್ದರೆ ಕೈ ಗಟ್ಟಿ. ಆಯೋಗವೇ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ 38ನೇ ಕಲಮಿನಲ್ಲಿದೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಕೃಷಿ ಇಂಜಿನಿಯರಿಂಗ್ ಕಾಲೇಜು ಇದೆ, ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿ ಕೇಂದ್ರ ಸರಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಇದೆ. ಇವು ಇರುವುದು ನಮ್ಮ ತೆರಿಗೆಯಲ್ಲಿ. ಅರ್ಜಿಯಲ್ಲಿ ಹೆಸರು ಬರೆದು ಕೇಳಿರಿ.

ಹೊಸ ಟ್ರಾಲಿಯೇ ಕೊಡ್ರಿ ಅಂತ ಹಟ ಹಿಡಿಯುವ ಮುಂದೆ ಒಂದು ತೀರ್ಪು ತಿಳಿದಿರಬೇಕು. 2006ರಲ್ಲಿ ಮಾರುತಿ ಕಾರಿನ ಒಂದು ಪ್ರಕರಣದಲ್ಲಿ, ವಾರಂಟಿ ಇರುವುದು ಕೆಟ್ಟ ಭಾಗ ಬದಲಿಸಲು, ಗಾಡಿ ಬದಲಿಸಲು ಅಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದೆ. ನಮಗೆ ರುಚಿಸದ ತೀರ್ಪಾದರೂ ತೀರ್ಪು ತೀರ್ಪೇ. ಆದ್ದರಿಂದ ದೂರಿನಲ್ಲಿ ಹೊಸದು ಕೊಡಿ, ಇಲ್ಲವಾದರೆ ಭಾಗ ಬದಲಿಸಿ, ನಷ್ಟ ಕೊಡಿ ಅಂತ ಮೂರನ್ನೂ ಬರೆಯಬೇಕು. ಅಂಗಡಿ, ಕಾರ್ಖಾನೆ ಎರಡನ್ನೂ ಎದುರುದಾರ ಮಾಡಬೇಕು. 2021ರಲ್ಲಿ ಇನ್ನೊಂದು ಕಾರಿನ ಪ್ರಕರಣದಲ್ಲಿ, ಡೀಲರ್ ಮಾಡಿದ ಮೋಸಕ್ಕೆ ಕಂಪನಿಗೆ ಗೊತ್ತಿದ್ದದ್ದು ತೋರಿಸದಿದ್ದರೆ ಕಂಪನಿ ಹೊಣೆಯಲ್ಲ ಅಂದಿದ್ದಾರೆ. ಒಬ್ಬನನ್ನು ಬಿಟ್ಟರೆ ಇನ್ನೊಬ್ಬ ಅವನ ಕಡೆ ಬೆರಳು ತೋರಿಸಿ ಪಾರಾಗುತ್ತಾನೆ.

ಐದು ಲಕ್ಷದವರೆಗಿನ ಸರಕಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕ ಇಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಅಂದರೆ ನಮಗೆ ರಾಯಚೂರು. ವಕೀಲರು ಬೇಕೇ ಬೇಕು ಅಂತಿಲ್ಲ. 1915 ಅಂತ ಸಹಾಯವಾಣಿ ಇದೆ. ಗಡುವು ಎರಡು ವರ್ಷ. ಈ ಎರಡು ವರ್ಷ ಅನ್ನುವುದನ್ನು ಗಂಟು ಹಾಕಿಕೊಳ್ಳಿರಿ, ನನ್ನ ಕತೆಯ ಕಹಿ ಅಲ್ಲೇ ಇದೆ.

2023ರ ಫೆಬ್ರುವರಿಯಲ್ಲಿ ಫೋಟೋ, ವೇಬ್ರಿಜ್ಜಿನ ಚೀಟಿ, ಬಿಲ್ಲಿನ ನಕಲು ಎಲ್ಲ ಲಗತ್ತಿಸಿ ಅಂಗಡಿಗೂ ಕಾರ್ಖಾನೆಗೂ ರಿಜಿಸ್ಟರ್ ಅಂಚೆಯಲ್ಲಿ ಕಾಗದ ಬರೆದೆ. (ಈಗ ನೀವು ಬರೆಯುವುದಾದರೆ ಸ್ಪೀಡ್ ಪೋಸ್ಟು. 2025ರಲ್ಲಿ ರಿಜಿಸ್ಟರನ್ನು ಅದರಲ್ಲೇ ಸೇರಿಸಿದ್ದಾರೆ. ರಸೀದಿ ಜೋಪಾನ.) ಫೋನಿಗೆ ಎರಡು ತಿಂಗಳು ಬಾರದವರು ಕಾಗದಕ್ಕೆ ಬಂದರು. ಏಪ್ರಿಲಿನಲ್ಲಿ ಕಾರ್ಖಾನೆಯಿಂದ ಒಬ್ಬ ಇಂಜಿನಿಯರ್ ಹುಡುಗ ಬಂದ. ಒಳ್ಳೆಯ ಹುಡುಗ, ರೈತನ ಮಗನೇ. ಬೆಸುಗೆ ನೋಡಿ ತಲೆ ಕೆರೆದುಕೊಂಡ. ‘ಒಳಗ ಇಳಿದೇ ಇಲ್ಲ ನೋಡ್ರಿ ಇದು, ಮ್ಯಾಲಷ್ಟೇ ಹಿಡಿದೈತಿ’ ಅಂತ ಬಾಯಿಬಿಟ್ಟು ಆಡಿದ. ಬರೆದು ಕೊಡಪಾ ಅಂದರೆ, ‘ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ’ ಅಂದ. ನಾನು ಹೆಚ್ಚು ಒತ್ತಾಯ ಮಾಡಲಿಲ್ಲ.

ಜೂನಿನಲ್ಲಿ ಹೊಸ ಆಕ್ಸಲ್ಲು ಬಂತು, ಹಾಕಿಕೊಟ್ಟರು. ಹಾಕುವ ಮುಂದೆ ಒಂದು ಕಾಗದದ ಮೇಲೆ ಸಹಿ ಕೇಳಿದರು. ಇಂಗ್ಲಿಷಿನದು. ಬಿತ್ತನೆಗೆ ಗೊಬ್ಬರ ತರಬೇಕು, ಟ್ರಾಲಿ ಬೇಕು. ಅಣ್ಣನ ಮಗಳು ಊರಲ್ಲಿ ಇರಲಿಲ್ಲ. ಸಹಿ ಹಾಕಿದೆ. ಅವಳು ಬಂದು ಓದಿದಾಗ ತಿಳಿಯಿತು, ಈ ಟ್ರಾಲಿಗೆ ಸಂಬಂಧಿಸಿ ನನ್ನದು ಇನ್ನು ಯಾವ ತಕರಾರೂ ಇಲ್ಲ, ಪೂರ್ಣ ತೃಪ್ತಿಯಾಗಿದೆ ಅಂತ ಇತ್ತು. 260 ಕಿಲೋ ಕಬ್ಬಿಣ, ಒಂಬತ್ತು ದಿನ ಬೇರೆ ಟ್ರಾಲಿಗೆ ಕೊಟ್ಟ ಬಾಡಿಗೆ 13,500, ವೆಲ್ಡರನ ಹಣ, ಎಲ್ಲವನ್ನೂ ನಾನೇ ಬಿಟ್ಟುಕೊಟ್ಟಿದ್ದೆ. ಸಹಿ ಹೋಯಿತು, ಎಲ್ಲ ಹೋಯಿತು ಅಂತ ಕೈಬಿಟ್ಟು ಕೂತೆ. ಅಂಥ ಸಹಿಯನ್ನು ಮೋಸದಿಂದಲೋ ಒತ್ತಡದಿಂದಲೋ ಮಾಡಿಸಿಕೊಂಡಿದ್ದರೆ ಅದೇ ಗ್ರಾಹಕನ ಬಾಯಿ ಮುಚ್ಚುವುದಿಲ್ಲ ಅಂತ 1999ರಲ್ಲೇ ಒಂದು ವಿಮೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದನ್ನು ನನಗೆ ಒಬ್ಬ ವಕೀಲರು ಹೇಳಿದ್ದು 2025ರ ಬೇಸಿಗೆಯಲ್ಲಿ. ತೂಕದ ಮೋಸ ನನಗೆ ಗೊತ್ತಾದದ್ದು 2023ರ ಜನವರಿಯಲ್ಲಿ. ಎಣಿಸಿರಿ. ತಡವನ್ನು ಮನ್ನಿಸಲು ಆಯೋಗಕ್ಕೆ ಅಧಿಕಾರ ಇದೆ, ಸಾಕಷ್ಟು ಕಾರಣ ಇದ್ದರೆ. ‘ನನಗೆ ಕಾಯ್ದೆ ಗೊತ್ತಿರಲಿಲ್ರಿ’ ಅನ್ನುವುದು ಕಾರಣವಾಗುವುದಿಲ್ಲ ಅಂದರು ವಕೀಲರು.

ಸಾಲದ ಕಡೆ ನಾನು ಮಾಡಿದ ಇನ್ನೊಂದು ಹುಚ್ಚುತನ ಹೇಳಿ ಮುಗಿಸುತ್ತೇನೆ. ಟ್ರಾಲಿ ಕೆಟ್ಟಿದೆ, ಕಂತು ಯಾಕೆ ಕಟ್ಟಲಿ ಅಂತ 2023ರ ಮೇ ತಿಂಗಳ ಕಂತು ನಿಲ್ಲಿಸಿದೆ. ಬ್ಯಾಂಕಿಗೆ ಕಾಗದ ಬರೆದು ನಿಲ್ಲಿಸಲಿಲ್ಲ, ಸುಮ್ಮನೆ ನಿಲ್ಲಿಸಿದೆ. ಬ್ಯಾಂಕಿನ ಲೆಕ್ಕದಲ್ಲಿ ಟ್ರಾಲಿಯ ಜಗಳ ಬೇರೆ, ಸಾಲ ಬೇರೆ. ನೋಟೀಸು ಬಂತು, ದಂಡದ ಬಡ್ಡಿ ಬಂತು, ಆ ವರ್ಷ ಬರವೂ ಬಂತು. ಸಿಬಿಲ್ ಕೆಟ್ಟು ಬೆಳೆಸಾಲಕ್ಕೆ ಹೋದಾಗ ಮುಖ ಬಾಡಿಸಿಕೊಂಡು ಬಂದೆ. ನೀವು ಇದನ್ನು ಮಾಡಬ್ಯಾಡ್ರಿ. ಕಟ್ಟಲು ಆಗದಿದ್ದರೆ ಕಂತು ಮುಂದೂಡಲು ಬರೆದು ಕೇಳಿರಿ, ನಕಲಿನ ಮೇಲೆ ಬ್ಯಾಂಕಿನ ಮೊಹರು ಹಾಕಿಸಿಕೊಳ್ಳಿರಿ. ಇನ್ನೊಂದು, 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ, ಕಂತು ತಪ್ಪಿದ್ದಕ್ಕೆ ಬಡ್ಡಿಯ ಮೇಲೆ ಹೆಚ್ಚಿನ ಬಡ್ಡಿ ಹಾಕಬಾರದು, ದಂಡ ಹಾಕುವುದಿದ್ದರೆ ಶುಲ್ಕವಾಗಿ ಮಾತ್ರ ಹಾಕಬೇಕು, ಆ ಶುಲ್ಕವನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಎಣಿಸಬಾರದು ಅಂತ ಹೇಳಿದೆ. 2024ರ ಏಪ್ರಿಲಿನಿಂದ ಹೊಸ ಸಾಲಕ್ಕೂ, ಜೂನ್ ಮುಗಿಯುವುದರೊಳಗೆ ಹಳೆಯ ಸಾಲಕ್ಕೂ ಅದು ಜಾರಿಯಾಗಬೇಕಿತ್ತು. ನಿಮ್ಮ ಖಾತೆಯ ಉತಾರ ತೆಗೆಸಿ ದಂಡದ ಸಾಲನ್ನು ಬೆರಳಿಟ್ಟು ನೋಡಿರಿ. ಗಾಡಿ ಎಳೆದುಕೊಂಡು ಹೋಗಲು ಪುಂಡರನ್ನು ಕಳಿಸುವ ಹಾಗಿಲ್ಲ ಅಂತಲೂ 2007ರಲ್ಲಿ ಐ.ಸಿ.ಐ.ಸಿ.ಐ. ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಈಗ ನಾನು 64 ಚೀಲಕ್ಕಿಂತ ಹೆಚ್ಚು ಹೇರುವುದಿಲ್ಲ. ಮಗ ‘ಇನ್ನೊಂದು ಟ್ರಿಪ್ಪಿನ ಡೀಸೆಲ್ ಯಾರು ಕೊಡ್ತಾರ’ ಅನ್ನುತ್ತಾನೆ. ಅವನ ಮಾತಿನಲ್ಲೂ ಲೆಕ್ಕ ಇದೆ. ಆದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಹೆಚ್ಚಿನ ಭಾರಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000 ಅಂತ ಇದೆ. ಅದು ಹದಿಮೂರು ಚೀಲ ಭತ್ತದ ಹಣ. ಹೆಣ್ಣಾಳುಗಳನ್ನು ಆಟೋದಲ್ಲಿ ಕರೆಸುತ್ತೇನೆ, ಅದರ ಬಾಡಿಗೆ ನಾನೇ ಕೊಡುತ್ತೇನೆ. ಸುಗ್ಗಿಯಲ್ಲಿ ಆಟೋ ಸಿಗದ ದಿನವೂ ಇರುತ್ತದೆ. ಆ ದಿನ ಏನು ಮಾಡುತ್ತೀ ಅಂತ ಕೇಳಬೇಡಿರಿ.

ನಮ್ಮ ಊರಲ್ಲಿ, ಸುತ್ತಲಿನ ಕ್ಯಾಂಪುಗಳಲ್ಲಿ ಅದೇ ಕಾರ್ಖಾನೆಯ ಟ್ರಾಲಿ ಇನ್ನೂ ನಾಲ್ಕು ಇವೆ ಅಂತ ನನಗೆ ಗೊತ್ತು. ಮೂರು ಕೊಂಡು ಇನ್ನೂ ಎರಡು ವರ್ಷ ಆಗಿಲ್ಲ. ಒಂದೇ ತಕರಾರು ಇರುವ ಹಲವರು ಆಯೋಗದ ಅಪ್ಪಣೆ ಪಡೆದು ಒಂದೇ ದೂರು ಹಾಕಲು 35ನೇ ಕಲಮಿನಲ್ಲಿ ಅವಕಾಶ ಇದೆ. ಬರುವ ಸೋಮವಾರ ಮುಂಜಾನೆ ಎಂಟಕ್ಕೆ ನಾಲ್ಕನ್ನೂ ಖಾಲಿ ಮಾಡಿಕೊಂಡು ರೈಸ್ ಮಿಲ್ಲಿನ ವೇಬ್ರಿಜ್ಜಿಗೆ ಬರಬೇಕು. ಬಿಲ್ಲು, ಆರ್.ಸಿ., ವಾರಂಟಿ ಕಾಗದ ಮರೆಯದೆ ತರ್ರಿ. ಕಾಟಾದ ಚೀಟಿಯ ಹಣ ನಾನು ಕೊಡುತ್ತೇನೆ. ಅಣ್ಣನ ಮಗಳು ರಜೆಗೆ ಬಂದಿದ್ದಾಳೆ, ಮೊಬೈಲ್ ಹಿಡಿದುಕೊಂಡು ಅವಳೂ ಬರುತ್ತಾಳೆ.